ನಾಲ್ಕು ಮಂದಿ ರೋಗಿಗಳು, ಮೊದಲು ಯಾರ ಕಡೆ?

ಮದುವೆಯಾದ ಎರಡನೇ ವರ್ಷಕ್ಕೆ ನಾನು ರೋಗಿಯಾದೆ. ಮೈಯಲ್ಲಿ ಏನೂ ಕೆಟ್ಟಿರಲಿಲ್ಲ. ಹೆಂಡತಿ ಗಲ್ಫ್ ಕಡೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಹೋಗಲು ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಳು. ಅಭ್ಯಾಸಕ್ಕೆ ಅವಳಿಗೊಂದು ಮೈ ಬೇಕಿತ್ತು, ಪುಕ್ಕಟೆ ಸಿಕ್ಕಿದ್ದು ನನ್ನದು. ಗಂಗಾವತಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಅಂಗಡಿ ಮುಚ್ಚಿ ಮನೆಗೆ ಬಂದು ಕಾಲು ತೊಳೆದರೆ ಸಾಕು, ಒಂದು ದಿನ ನನಗೆ ಉಬ್ಬಸ, ಮರುದಿನ ಅಪೆಂಡಿಕ್ಸ್, ಅದರ ಮರುದಿನ ತುಂಬು ಬಸುರಿ. ಬಸುರಿಯಾದ ದಿನ ಅವ್ವ ಬಾಗಿಲಲ್ಲಿ ನಿಂತು ನೋಡಿ, "ಹೋಗ್ಲಿ ಬಿಡು, ಕಡೀಕ ನಿನಗರ ಆತಲ್ಲ" ಅಂದಳು.

ಅಭ್ಯಾಸದ ಪುಸ್ತಕದಿಂದ ಪ್ರಶ್ನೆಗಳನ್ನು ಓದಿ ಹೇಳುವುದೂ ನನ್ನ ಪಾಲಿಗೇ ಬಂದಿತ್ತು. ಹಗಲೆಲ್ಲ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಮಾಡಿ ಬಂದವಳಿಗೆ ಸಣ್ಣ ಅಕ್ಷರ ನೋಡಿದರೆ ಕಣ್ಣು ಉರಿಯುತ್ತಿತ್ತು. ನಾನು ಓದುತ್ತಿದ್ದೆ, ಅವಳು ಕಾಳು ಹಸನು ಮಾಡುತ್ತ ಉತ್ತರ ಹೇಳುತ್ತಿದ್ದಳು. ಸುಮ್ಮನೆ ಓದಿ ಬಿಡುವ ಜಾಯಮಾನ ನನ್ನದಲ್ಲವಾದ್ದರಿಂದ ನಾನೂ ಉತ್ತರ ಹೇಳುತ್ತಿದ್ದೆ. ಆಪರೇಷನ್ ಆದ ರೋಗಿ ಇದ್ದಕ್ಕಿದ್ದಂತೆ ಚಡಪಡಿಸುತ್ತಿದ್ದಾನೆ, ನರ್ಸ್ ಮೊದಲು ಏನು ಮಾಡಬೇಕು?

"ಡಾಕ್ಟರಿಗೆ ಫೋನ್ ಹಚ್ಚಬೇಕು" ಎಂದೆ.

"ಹಚ್ಚಿ ಏನಂತೀರಿ?"

"ಪೇಶೆಂಟ್ ಚಡಪಡಿಸಾಕತ್ಯಾನ ಅಂತೀನಿ."

"ಉಸಿರು ಹೆಂಗೈತಿ, ನಾಡಿ ಹೆಂಗೈತಿ, ರಕ್ತ ಸೋರಾಕತ್ತೈತೇನು ಅಂತ ಅವ್ರು ಕೇಳ್ತಾರ. ಆಗೇನಂತೀರಿ?"

"ಆಗ ನಿನ್ನ ಕರೀತೀನಿ."

ಮೊದಲು ನೋಡು, ಮುಟ್ಟು, ಕೇಳು. ಆಮೇಲೆ ಕೈ ಹಾಕು. ಆ ಪುಸ್ತಕದ ಧರ್ಮವೇ ಅದು. ಇಲ್ಲಿ ಕಾಲುವೆ ಸೀಮೆಯ ರೈತರು ಬಂದು "ನೆಲ್ಲಿನ ಗರಿ ಹಳದಿ ಆಗ್ಯಾವ್ರಿ" ಎಂದರೆ ಹಿಂದೆ ಮುಂದೆ ನೋಡದೆ ಯೂರಿಯಾ ಚೀಲ ಹೊರಿಸಿ ಕಳಿಸುವವನು ನಾನು. ಅದು ಅವಳಿಗೆ ಗೊತ್ತಿತ್ತು. "ಗದ್ದಿ ನೋಡದ ಔಷಧ ಹೇಳೋ ಮಂದಿ ನೀವು. ವಾರ್ಡಿಗೆ ಬಿಟ್ರ ಪೇಶೆಂಟಿಗೂ ಯೂರಿಯಾ ಏರಿಸ್ತೀರಿ" ಎನ್ನುತ್ತಿದ್ದಳು. ಗಿರಾಕಿಗಳ ಮುಂದೆ ಈ ಮಾತು ಆಡಬೇಡ ಎಂದು ನಾನು ಕೇಳಿಕೊಂಡಿದ್ದೆ.

ಅವಳು ಒಮ್ಮೆ ಅದೇ ಪರೀಕ್ಷೆಯಲ್ಲಿ ನಪಾಸಾಗಿದ್ದಳು, ಮತ್ತೆ ಬರೆಯಲು ಎರಡು ತಿಂಗಳಿತ್ತು. ಓದು ಕಡಿಮೆ ಇತ್ತೆಂದಲ್ಲ. ಯಾವ ರೋಗಕ್ಕೆ ಯಾವ ಲಕ್ಷಣ ಎಂದು ಕೇಳಿದರೆ ಅರಳು ಹುರಿದಂತೆ ಹೇಳುತ್ತಿದ್ದಳು. ಸೋಲುತ್ತಿದ್ದುದು ಒಂದೇ ಜಾತಿಯ ಪ್ರಶ್ನೆಯಲ್ಲಿ: ನಾಲ್ಕು ಮಂದಿ ರೋಗಿಗಳಿದ್ದಾರೆ, ನರ್ಸ್ ಮೊದಲು ಯಾರ ಕಡೆ ಹೋಗಬೇಕು? ಎಂಬತ್ತು ದಾಟಿದ, ಮಲಬದ್ಧತೆಯಿಂದ ಗೊಣಗುವ ಅಜ್ಜ. ಮುರಿದ ಕೈ ನೋಯುತ್ತದೆಂದು ಕೂಗಾಡುವ ಗೃಹಸ್ಥ. ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಕೇಳುವವನು. ಮೊನ್ನೆ ಕಾಲಿನ ಆಪರೇಷನ್ ಆಗಿ, ಈಗ ಯಾಕೋ ಉಸಿರು ಸಾಲುತ್ತಿಲ್ಲ ಎಂದು ಮೆಲ್ಲಗೆ ಹೇಳುವ ಹುಡುಗಿ. ನನ್ನ ಹೆಂಡತಿ ನೆಟ್ಟಗೆ ಅಜ್ಜನ ಕಡೆ ಹೋದಳು. ಆ ಹುಡುಗಿಯೊಬ್ಬಳದನ್ನೇ ಕೇಳಿದಾಗ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು, ಗಳಿಗೆಯಲ್ಲಿ ಜೀವ ಹೋಗುತ್ತದೆ ಎಂದು ಅವಳೇ ವಿವರಿಸಿದಳು. ಆದರೆ ನಾಲ್ಕು ಮಂದಿಯನ್ನು ಸಾಲಾಗಿ ಮಲಗಿಸಿದರೆ ಮುಗಿಯಿತು, ಹಿರಿಯರು ಮೊದಲು, ಆಮೇಲೆ ಜೋರು ಮಾಡಿ ಕರೆದವರು, ಬಾಯಿ ಬಿಡದವರು ಕಡೆಗೆ.

"ನೀ ವಾರ್ಡನ್ಯಾಗ ರೋಗಿ ನೋಡಾಕತ್ತಿಲ್ಲ, ಮದುವಿ ಮನ್ಯಾಗ ಪಂಕ್ತಿಗೆ ಬಡಸಾಕತ್ತಿ" ಎಂದು ನಕ್ಕೆ.

ಅವಳು ನಗಲಿಲ್ಲ. "ಎರಡು ವರ್ಷ ನಿಮ್ಮ ಮನ್ಯಾಗ ಕಲ್ತಿದ್ದು ಅದನ್ನ. ಎರಡು ತಿಂಗಳದಾಗ ಹೆಂಗ ಮರೀಲಿ?" ಎಂದಳು. ನಾನು ಮುಂದಿನ ಪ್ರಶ್ನೆ ಓದಿದೆ.

ಪಾಸಾದರೆ ಅವಳು ಎರಡು ವರ್ಷ ಒಬ್ಬಳೇ ಹೋಗುವವಳಿದ್ದಳು. ದೊಡ್ಡ ಐಸಿಯುದಲ್ಲಿ ಕೆಲಸ ಮಾಡಬೇಕೆಂಬುದು ಕುಷ್ಟಗಿಯಲ್ಲಿ ನರ್ಸಿಂಗ್ ಓದುವಾಗಿನಿಂದ ಅವಳ ಛಲ. ಮದುವೆಯ ಮಾತುಕತೆಯಲ್ಲೇ ಹೇಳಿದ್ದಳು, ನಾನು ಹೂಂ ಎಂದಿದ್ದೆ. ಆಗ ಅವಳಿನ್ನೂ ನನಗೆ ಪರಿಚಯದವಳು ಮಾತ್ರ, ಹೂಂ ಎನ್ನುವುದು ಸುಲಭವಿತ್ತು. ಈಗ ಅವಳು ಸರಿ ಉತ್ತರ ಹೇಳಿದಾಗಲೆಲ್ಲ ಶಹಬ್ಬಾಸ್ ಎನ್ನುತ್ತಿದ್ದೆ, ಎರಡು ವರ್ಷಕ್ಕೆ ಎಷ್ಟು ದಿನವೆಂದು ಲೆಕ್ಕವನ್ನೂ ಹಾಕುತ್ತಿದ್ದೆ. ನಪಾಸಾಗಲಿ ಎಂದು ದೇವರಿಗೆ ಕೈಮುಗಿಯುವಷ್ಟು ಕೆಟ್ಟವನಲ್ಲ ನಾನು. ಪಾಸಾಗಲಿ ಎಂದೂ ಮುಗಿಯುತ್ತಿರಲಿಲ್ಲ.

ಹೀಗಿರುವಾಗ ಶ್ರಾವಣದ ಒಂದು ಸೋಮವಾರ ಬಂತು. ಅವ್ವನಿಗೆ ಸಕ್ಕರೆ ಕಾಯಿಲೆ. ಇರಕಲ್ಲಗಡದ ತವರಿನಿಂದ ಅವಳು ತಂದ ಆಸ್ತಿಯಲ್ಲಿ ಇವತ್ತಿಗೂ ಕರಗದೆ ಉಳಿದಿರುವುದೆಂದರೆ ಹಟ. ಶ್ರಾವಣ ಸೋಮವಾರ ಒಪ್ಪತ್ತು ಮಾಡಬೇಡಿ ಅತ್ತಿ, ಮಾಡುವುದಾದರೆ ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳೋಣ ಎಂದು ಸೊಸೆ ಹೇಳಿದ್ದಳು. ಅವ್ವ ಹೂಂ ಅಂದಿದ್ದಳು. ಅಂದು ಮುಂಜಾನೆ, ಸಂಜೆಯವರೆಗೂ ಏನೂ ತಿನ್ನುವುದಿಲ್ಲವೆಂದು ಸಂಕಲ್ಪ ಮಾಡಿ, ಸಕ್ಕರೆ ಇಳಿಸುವ ದಿನದ ಗುಳಿಗೆಯನ್ನು ಮಾತ್ರ ನಿಷ್ಠೆಯಿಂದ ನುಂಗಿದ್ದಳು. ಗುಳಿಗೆ ಊಟವಲ್ಲವಲ್ಲ, ಅದರಿಂದ ಉಪವಾಸ ಕೆಡುವುದಿಲ್ಲವೆಂಬುದು ಅವಳ ಶಾಸ್ತ್ರ. ನಮ್ಮ ಓಣಿಯ ಅರ್ಧ ಮುದುಕಿಯರ ಶಾಸ್ತ್ರವೂ ಅದೇ.

ಮಧ್ಯಾಹ್ನ ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಕುಷ್ಟಗಿಯಿಂದ ಬಂದರು. ಬಸ್ಸಿನಲ್ಲಿ ಹೊಟ್ಟೆ ತೊಳಸಿ, ಬಂದವರೇ ಅಂಗಳದಲ್ಲಿ ವಾಂತಿ ಮಾಡಿಕೊಂಡು ಕಟ್ಟೆಗೆ ಕುಸಿದು ಕೂತರು. ಬೀಗರು ಬಂದರೆಂದು ನಮ್ಮಪ್ಪ ಅವಸರದಿಂದ ಎದ್ದು ಬರುವಾಗ ಹೊಸ್ತಿಲು ಎಡವಿದ, ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಅಪ್ಪ ನಿವೃತ್ತ ಹೆಡ್‌ಮಾಸ್ತರ. ಹೈಸ್ಕೂಲಿನ ಮೈದಾನಕ್ಕೆ ಮೈಕಿಲ್ಲದೆ ಕೇಳಿಸುತ್ತಿದ್ದ ದನಿ ಅದು. "ಸತ್ತೆನೋ, ಬರ್ರೋ" ಎಂದು ಕೂಗಿದ್ದಕ್ಕೆ ಎದುರುಮನೆಯ ಕಿಟಕಿ ತೆರೆಯಿತು.

ಅಡುಗೆಮನೆಯಿಂದ ಹೆಂಡತಿ ಹೊರಬಂದಳು. ಒಂದು ಕಡೆ ರಕ್ತ ಸುರಿಸುತ್ತ ಕೂಗುತ್ತಿದ್ದ ಅವಳ ಮಾವ, ಅಂದರೆ ನಮ್ಮಪ್ಪ, ಮನೆಯ ಹಿರಿಯ. ಇನ್ನೊಂದು ಕಡೆ ತಲೆ ಹಿಡಿದು ಕೂತ ಹೆತ್ತ ಅಪ್ಪ, ಮೇಲಾಗಿ ಅತಿಥಿ. ನಾನು ಊಟಕ್ಕೆಂದು ಬಂದವನು ನಡುವೆ ಕಂಬದ ಹಾಗೆ ನಿಂತಿದ್ದೆ. ಅವಳು ಇಬ್ಬರ ಮೇಲೂ ಕಣ್ಣಾಡಿಸಿದಳು. ಆಮೇಲೆ ಬಾಗಿಲ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅವ್ವನ ಕಡೆ ನೋಡಿ, ಅಲ್ಲೇ ನಿಂತಳು. ಹೊರಗೆ ಜಿಟಿಜಿಟಿ ಮಳೆ, ತಂಪು ಗಾಳಿ. ಅವ್ವನ ಮುಖದ ಮೇಲೆ ಮಾತ್ರ ಬೆವರು ಇಳಿಯುತ್ತಿತ್ತು.

"ಅತ್ತೀ, ಏನಾಗೈತ್ರಿ?"

"ನನಗೇನಾಗಿಲ್ಲ, ಮಾವನ್ನ ನೋಡು ಹೋಗು" ಎಂದಳು ಅವ್ವ. ಮಾತು ತೊದಲುತ್ತಿತ್ತು, ಸೆರಗು ಹಿಡಿದ ಕೈ ನಡುಗುತ್ತಿತ್ತು.

ಹೆಂಡತಿ ಅಪ್ಪನನ್ನು ದಾಟಿ ನಡೆದಳು. ನಮ್ಮ ಮನೆಯಲ್ಲಿ ಅಪ್ಪ ಕರೆಯುತ್ತಿರುವಾಗ ಯಾರಾದರೂ ಅವನನ್ನು ದಾಟಿ ಹೋದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪನೂ ಕಂಡಿರಲಿಲ್ಲ, ಆಶ್ಚರ್ಯಕ್ಕೆ ಕೂಗುವುದನ್ನೇ ನಿಲ್ಲಿಸಿದ. ದಾಟುವಾಗ ಅವಳು ಭುಜದ ಮೇಲಿದ್ದ ಟವೆಲ್ಲನ್ನು ನನ್ನ ಕಡೆ ಎಸೆದು, "ಬೆರಳು ಬಿಗಿಯಾಗಿ ಒತ್ತಿ ಹಿಡೀರಿ, ಬಿಡಬ್ಯಾಡ್ರಿ" ಎಂದಳು. ತನ್ನ ತಂದೆಗೆ, "ಅಪ್ಪಾ, ಒಂಚೂರು ತಡಿ" ಎಂದಳು. ಸಕ್ಕರೆ ನೋಡುವ ಯಂತ್ರ ತಂದು ಅವ್ವನ ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತರ ಮೇಲಿರಬೇಕಾದದ್ದು ಐವತ್ತಕ್ಕೂ ಕೆಳಗಿತ್ತು. ಅವ್ವನಿಗೆ ಒಂದು ಗುಟುಕು ನೀರು ನುಂಗಿಸಿ ನೋಡಿದಳು, ನುಂಗಲು ಬರುತ್ತದೆಂದು ಖಾತ್ರಿಯಾದ ಮೇಲೆ ಸಕ್ಕರೆ ಕದಡಿದ ನೀರು ಕುಡಿಸಿದಳು. "ಇವತ್ತ ಸೋಮವಾರ" ಎಂದು ಅವ್ವ ಬಾಯಿ ಮುಚ್ಚಿಕೊಂಡದ್ದಕ್ಕೆ, "ಶಿವಗ ನಾ ಹೇಳ್ತೀನಿ, ನೀವು ಕುಡೀರಿ" ಎಂದು ಗದರಿದಳು. ಎಚ್ಚರ ತಪ್ಪಿದ್ದರೆ ಬಾಯಿಗೆ ಹನಿಯನ್ನೂ ಹಾಕುವಂತಿರಲಿಲ್ಲವೆಂದು, ಉಸಿರ್ನಾಳಕ್ಕೆ ಹೋಗಿ ಇನ್ನೊಂದು ಅನಾಹುತವಾಗುತ್ತದೆಂದು ಆಮೇಲೆ ಹೇಳಿದಳು.

ಅಪ್ಪನ ಬೆರಳಿಗೆ ಪಟ್ಟಿ ಕಟ್ಟಿ, ತನ್ನ ತಂದೆಯ ನಾಡಿ ನೋಡಿ ಮಲಗಿಸಿ, ಕಾಲು ಗಂಟೆ ಬಿಟ್ಟು ಅವ್ವನ ಬೆರಳನ್ನು ಮತ್ತೆ ಚುಚ್ಚಿದಳು. ಸಕ್ಕರೆ ಏರಿತ್ತು, ಅವ್ವನ ಮಾತು ನೆಟ್ಟಗಾಗಿತ್ತು. ಇನ್ನೇನು ಆಯ್ತಲ್ಲ ಎಂದೆ ನಾನು. ಆ ಗುಳಿಗೆಯ ಜೋರು ಇನ್ನೂ ಇಳಿದಿಲ್ಲ, ಸಕ್ಕರೆ ಮತ್ತೆ ಬೀಳಬಹುದು ಎಂದು ಅವಳು ಅವ್ವನಿಗೆ ಎರಡು ತುತ್ತು ಅನ್ನ ಉಣ್ಣಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಒಂದು ದಿನ ಅಲ್ಲೇ ಇಟ್ಟುಕೊಂಡರು. ಸಕ್ಕರೆ ಮತ್ತೊಮ್ಮೆ ಬಿದ್ದಿತು ಕೂಡ.

ಅಪ್ಪ ವಾರಗಟ್ಟಲೆ ಮುನಿಸಿಕೊಂಡಿದ್ದ. ಬಂದವರ ಮುಂದೆಲ್ಲ ಬ್ಯಾಂಡೇಜಿನ ಬೆರಳನ್ನು ಸ್ಟೂಲಿನ ಮೇಲಿಟ್ಟು, "ನಮ್ಮ ಸೊಸಿ ದೊಡ್ಡ ನರ್ಸ್ ಬಾಯಿ ಅದಾಳ್ರಿ, ನಮ್ಮಂಥಾ ಸಣ್ಣ ಪೇಶೆಂಟು ಆಕಿಗೆ ಕಾಣಂಗಿಲ್ಲ" ಎನ್ನುತ್ತಿದ್ದ. ಆದರೆ ಪಟ್ಟಿ ಬದಲಿಸಲು ಅವಳಲ್ಲದೆ ಬೇರೆಯವರ ಕೈಗೆ ಬೆರಳು ಕೊಡಲಿಲ್ಲ.

ಅವಳು ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು ಮತ್ತೆ ಪರೀಕ್ಷೆ ಬರೆದು ಬಂದಳು. ಪಾಸಾಗುತ್ತಾಳೆಂದು ನನಗೆ ಆ ಸೋಮವಾರವೇ ಗೊತ್ತಾಗಿತ್ತು. ಅಪ್ಪನ ಬೆರಳು ಒತ್ತಿ ಹಿಡಿದು ಕೂತಿದ್ದಾಗ ನನಗೆ ಹೆಮ್ಮೆಯೂ ಆಗಿತ್ತು, ಇವಳು ಇನ್ನು ನಮ್ಮ ಕೈಗೆ ಸಿಗುವುದಿಲ್ಲವೆಂದೂ ಅನ್ನಿಸಿತ್ತು.

ಫಲಿತಾಂಶ ಬಂದ ಸಂಜೆ ಮೊಬೈಲನ್ನು ನನಗೆ ತೋರಿಸಿ, ಅವ್ವನ ಪಕ್ಕ ಹೋಗಿ ಕೂತಳು. ಅವ್ವ ಬತ್ತಿ ಹೊಸೆಯುತ್ತಿದ್ದಳು. ಇವಳೂ ಒಂದು ಎಳೆ ಹತ್ತಿ ತೆಗೆದುಕೊಂಡು ಹೊಸೆಯತೊಡಗಿದಳು. ಅವ್ವನೇ ಕೇಳಿದಳು, "ಆತೇನು?"

"ಆತ್ರಿ ಅತ್ತಿ."

ಅವ್ವ ಬತ್ತಿ ಕೆಳಗಿಟ್ಟಳು. ಅವ್ವ ಬೇಡವೆಂದರೆ ಇವಳು ಹೋಗದೆ ನಿಲ್ಲುತ್ತಾಳೆಂದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅವ್ವ "ಆ ದೇಶದಾಗ ನನ್ನಂಥ ಮುದುಕ್ಯಾರು ಇರ್ತಾರೇನು?" ಎಂದಳು.

"ಇರ್ತಾರ್ರಿ."

"ಏನೂ ಆಗಿಲ್ಲ ಅಂತ ಅವ್ರೂ ಸುಳ್ಳ ಹೇಳ್ತಾರ. ನಂಬಬ್ಯಾಡ. ಅವ್ರ ಮಾರಿ ನೋಡು."

ಹೆಂಡತಿ ಅವಳ ತೊಡೆಯ ಮೇಲೆ ತಲೆಯಿಟ್ಟಳು. ನಾನು ಅಂಗಳಕ್ಕೆ ಹೋಗಿ, ಬಂದ್ ಆಗಿದ್ದ ನಳವನ್ನು ಮತ್ತೊಮ್ಮೆ ಬಂದ್ ಮಾಡಿದೆ.