ಎನಿಡ್ ಹೊಡೆದುಹಾಕಿದ ಎರಡು ಸಾಲು

ಗ್ರಿಫಿತ್ ಕಾರ್ನರ್ಸ್ ಊರಿನ ಜನ ಎನಿಡ್ ಪ್ರಿಚರ್ಡ್ ಬಗ್ಗೆ ಆಡುತ್ತಿದ್ದ ಮಾತು ಒಂದೇ: "ಅವಳೆದುರು ಕೆಮ್ಮಬೇಡಿ, ಮುಂದಿನ ಪುಸ್ತಕದಲ್ಲಿ ನಿಮ್ಮ ಕೆಮ್ಮು ಬಂದಿರತ್ತೆ." ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಅವಳು ಕಾಣಿಸಿಕೊಂಡರೆ ಸಾಕು, ಹೆಂಗಸರು ಮಾತನ್ನು ಚಳಿಯ ಕಡೆಗೆ ಹೊರಳಿಸುತ್ತಿದ್ದರು. ಹಿಮ ಗೋರುವ ಲಾರಿಯ ಗಸ್ ಟೆನ್ನಿ ಮಾತ್ರ ಬೇಕೆಂದೇ ಗಟ್ಟಿಯಾಗಿ ಕೆಮ್ಮುತ್ತಿದ್ದ.

"ಬರ್ಕೊಳ್ಳಿ ಟೀಚರಮ್ಮ, ಬಿಟ್ಟಿ ಕೊಡ್ತಿದೀನಿ."

"ನಿನ್ನ ಕೆಮ್ಮಲ್ಲಿ ಲಯ ಇಲ್ಲ ಗಸ್" ಅನ್ನುವಳು ಎನಿಡ್.

ಅವಳೇನು ಹೊರಗಿನಿಂದ ಬಂದವಳಲ್ಲ. ಅಪ್ಪ, ಅಜ್ಜ ಇಬ್ಬರೂ ಅಮೆರಿಕದ ವರ್ಮಾಂಟಿನ ಈ ಊರಿನ ಗಣಿಯಲ್ಲೇ ಸ್ಲೇಟುಕಲ್ಲು ಸೀಳಿ ಸೀಳಿ, ಎದೆಯಲ್ಲಿ ದೂಳು ತುಂಬಿಕೊಂಡು ಸತ್ತವರು. ಎನಿಡ್ ಓದಿದಳು, ಪದ್ಯ ಬರೆದಳು, ದೂರದ ಕಾಲೇಜುಗಳಲ್ಲಿ ವರ್ಷಕ್ಕೊಂದು ಹಂಗಾಮಿ ಕೆಲಸ ಮಾಡಿದಳು. ಎಲ್ಲೂ ಬೇರು ಬಿಡಲಿಲ್ಲ. ಮದುವೆ ಎರಡು ಚಳಿಗಾಲ ನಿಂತಿತು. ನಲವತ್ತೊಂದನೇ ವಯಸ್ಸಿಗೆ ಮೂರು ತೆಳ್ಳನೆಯ ಪುಸ್ತಕಗಳ ಕವಿ ಅನ್ನಿಸಿಕೊಂಡು ಊರಿಗೆ ವಾಪಸು ಬಂದಳು. ಲೈಬ್ರರಿಯ ಹಿಂದೆ ಪುಟ್ಟ ಮನೆಯೊಂದು ಖಾಲಿ ಬಿದ್ದಿತ್ತು. ಪ್ರತಿ ಮಂಗಳವಾರ ಸಂಜೆ ಊರವರಿಗೆ ಬರೆಯುವುದನ್ನು ಕಲಿಸಬೇಕು, ಅದರ ಬದಲು ಆ ಮನೆಯಲ್ಲಿರಬಹುದು ಎಂದು ಊರು ಒಪ್ಪಂದ ಮಾಡಿಕೊಂಡಿತು. ಪ್ರತಿ ಮಾರ್ಚ್ ತಿಂಗಳ ಊರ ಸಭೆಯಲ್ಲಿ ಜನ ಕೈಯೆತ್ತಿದರಷ್ಟೇ ಇನ್ನೊಂದು ವರ್ಷ. ಇಪ್ಪತ್ತೆರಡು ವರ್ಷ ಕೈಗಳು ಎದ್ದವು. ಎದ್ದವು ಅಂದರೆ, ವರ್ಷದಿಂದ ವರ್ಷಕ್ಕೆ ಒಂದಿಷ್ಟು ಕಡಿಮೆಯಾಗುತ್ತಲೇ ಎದ್ದವು.

ಕಲಿಸುವಾಗ ಅವಳಿಗೆ ಕರುಣೆ ಅನ್ನುವುದೇ ಇರಲಿಲ್ಲ. ಯಾರ ಪದ್ಯ ಮೇಜಿನ ಮೇಲಿದೆಯೋ ಅವರು ಬಾಯಿ ತೆರೆಯಕೂಡದು. ಉಳಿದವರು ಆಡಿದ್ದನ್ನೆಲ್ಲ ಕೇಳಿಸಿಕೊಂಡು ಕೂತಿರಬೇಕು. ಇದು ಅವಳ ಕಟ್ಟಳೆ. ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ ಅಜ್ಜಿಯ ಸಾವಿನ ಮೇಲೆ ಪದ್ಯ ಬರೆದು ತಂದು ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಎನಿಡ್ ಅಂದಳು: "ನಿಮ್ಮಜ್ಜಿ ಸತ್ತಿದ್ದು ದುಃಖದ ಸಂಗತಿ. ಪದ್ಯ ಸತ್ತಿದ್ದು ನಿಮ್ಮ ತಪ್ಪು." ಆಕೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಷ್ಟನ್ನೂ ಊರು ನುಂಗಿಕೊಂಡಿತ್ತು. ನುಂಗಲಾರದೆ ಗಂಟಲಲ್ಲಿ ನಿಂತದ್ದು ಮಾರ್ಲಾ ಲಬೌಂಟಿಯ ವಿಷಯ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಮಾರ್ಲಾಳ ಗಂಡ ರೋಲಂಡ್ ಗಣಿಗೆ ಬಿದ್ದು ಸತ್ತ ವಾರ, ಅವಳು ಅಡುಗೆಮನೆಯಲ್ಲಿ ಗೆಳತಿಯ ತೋಳಿಗೆ ಹಣೆಯಿಟ್ಟು ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು: ಗಂಡ ಒಯ್ಯುತ್ತಿದ್ದ ಫ್ಲಾಸ್ಕಿನಲ್ಲಿ ಕಾಫಿ ಇರುತ್ತಿರಲಿಲ್ಲ, ವಿಸ್ಕಿ ಇರುತ್ತಿತ್ತು. ಎರಡು ವರ್ಷಕ್ಕೆ ಎನಿಡಳ ನಾಲ್ಕನೇ ಪುಸ್ತಕ ಬಂತು. ಅದರಲ್ಲಿ ಆ ಫ್ಲಾಸ್ಕು ಇತ್ತು. ಪುಸ್ತಕಕ್ಕೆ ಬಹುಮಾನವೂ ಬಂತು. ಮಾರ್ಲಾ ಒಂಬತ್ತು ವರ್ಷ ಅವಳ ಜೊತೆ ಮಾತಾಡಲಿಲ್ಲ. ಎನಿಡ್ ತಪ್ಪಾಯಿತು ಅನ್ನಲಿಲ್ಲ.

"ನಾನು ಹೆಸರು ಹಾಕಿರಲಿಲ್ಲವಲ್ಲ" ಎಂದಳು ಒಮ್ಮೆ, ಗಸ್ ಮುಂದೆ.

"ಈ ಊರಲ್ಲಿ ಎಷ್ಟು ಜನ ಗಣಿಗೆ ಬಿದ್ದಿದಾರೆ ಟೀಚರಮ್ಮ?"

ಆ ಒಂಬತ್ತನೇ ವರ್ಷ ಊರ ಸಭೆಗೆ ಒಂದೇ ವಾರ ಉಳಿದಿದ್ದಾಗ, ಮಂಗಳವಾರದ ಪಾಠಕ್ಕೆ ಮಾರ್ಲಾ ಬಂದಳು. ಕೋಟು ಬಿಚ್ಚಲಿಲ್ಲ. ಎಲ್ಲರ ಮುಂದೆ ಒಂದೊಂದು ಹಾಳೆ ಎಸೆದಳು.

"ಸಭೆಯಲ್ಲಿ ಇದನ್ನ ಓದ್ತೀನಿ. ಅಷ್ಟರೊಳಗೆ ಸರಿ ಮಾಡ್ಕೊಡು. ಅದಕ್ಕೆ ತಾನೆ ನಿನಗೆ ಮನೆ ಕೊಟ್ಟಿರೋದು?"

ಎನಿಡ್ ಕನ್ನಡಕ ಹಾಕಿಕೊಂಡು ಓದಿದಳು.

ನನ್ನ ಒಲೆಯ ಪಕ್ಕ ಕೂತು ನನ್ನ ಸೇಬಿನ ಪೈ ತಿಂದಳು.
ಅಳು, ಅಳು ಅಂದಳು. ನಾನು ಅತ್ತೆ.
ತಟ್ಟೆಯನ್ನೂ ಬಳಿದಳು, ನನ್ನ ಗಂಡನನ್ನೂ ಬಳಿದಳು,
ಬೆರಳು ನೆಕ್ಕಿಕೊಂಡು ಮನೆಗೆ ಹೋದಳು.
ಆದರೂ ದೇವರು ದೊಡ್ಡವನು,
ನನ್ನ ಎದೆಯಲ್ಲೀಗ ಬರೀ ಶಾಂತಿ.

"ಯಾರ ಬಗ್ಗೆ ಅಂತ ನಂಗೊಂಚೂರೂ ಗೊತ್ತಾಗ್ಲಿಲ್ಲಪ್ಪ" ಎಂದ ಪಾಠಕ್ಕೆ ಬಂದಿದ್ದ ಗಸ್, ಮೇಲೆ ನೋಡುತ್ತ.

ಎನಿಡ್ ಪೆನ್ಸಿಲು ಕೈಗೆತ್ತಿಕೊಂಡಳು. ಕೊನೆಯ ಎರಡು ಸಾಲು ಹಾಗೇ ಉಳಿದರೆ, ಕೇಳಿದವರು ಮಾರ್ಲಾ ಕ್ಷಮಿಸಿದ್ದಾಳೆ ಅಂದುಕೊಳ್ಳುತ್ತಾರೆ. ಅವಳೇ ಕ್ಷಮಿಸಿದ ಮೇಲೆ ನಮ್ಮದೇನು ಎಂದು ಕೈಯೆತ್ತುತ್ತಾರೆ. ತನಗೆ ಅರವತ್ತಮೂರು ವಯಸ್ಸು, ಆ ಮನೆ ಬಿಟ್ಟರೆ ಕಾಲಿಡಲು ಬೇರೆ ಜಾಗ ಇಲ್ಲ. ಚೆನ್ನಾಗಿದೆ ಅಂದುಬಿಟ್ಟರೆ ಮುಗಿಯಿತು.

ಅವಳು ಆ ಎರಡು ಸಾಲನ್ನು ಅಡ್ಡಕ್ಕೆ ಹೊಡೆದುಹಾಕಿದಳು.

"ಇದು ಸುಳ್ಳು ಕಣೇ. ಎದೆಯಲ್ಲಿ ಶಾಂತಿ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಪಾದ್ರಿಗೆ ಹೆದರಿ ಬರೆದಿದೀಯ. ಬೆರಳು ನೆಕ್ಕೋದ್ರಲ್ಲೇ ನಿಲ್ಲಿಸು."

ಮಾರ್ಲಾ ಏನೋ ಹೇಳಹೊರಟಳು.

"ಬಾಯಿ ಮುಚ್ಚು. ನಿನ್ನ ಪದ್ಯ ಮೇಜಿನ ಮೇಲಿದೆ."

ಎಲ್ಲರೂ ಹೋದ ಮೇಲೆ ಗಸ್ ಬಾಗಿಲಲ್ಲಿ ನಿಂತ. "ತಲೆ ಕೆಟ್ಟಿದೆಯಾ ನಿಮಗೆ? ಆ ಎರಡು ಸಾಲೇ ನಿಮ್ಮ ಚಾವಣಿ ಆಗಿತ್ತು."

"ಸೋರೋ ಚಾವಣಿ ಗಸ್. ಓದಿದ್ಯಲ್ಲ ನೀನೂ."

ಸಭೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಾರ್ಲಾ ಓದಿದಳು, ಬೆರಳು ನೆಕ್ಕುವಲ್ಲಿಗೆ ನಿಲ್ಲಿಸಿ ಕೂತಳು. ಸಭೆ ನಡೆಸುವಾತ ಗಂಟಲು ಸರಿಮಾಡಿಕೊಂಡು, "ಎನಿಡ್, ನೀವೇನಾದ್ರೂ ಹೇಳೋದಿದೆಯಾ?" ಎಂದ. ಒಂದು ಮಾತು ಸಾಕಿತ್ತು. ಇಡೀ ಸಭೆ ಆ ಒಂದು ಮಾತಿಗೆ ಕಾದು ಕೂತಿತ್ತು.

"ಮೂರನೇ ಸಾಲಾದ್ಮೇಲೆ ಒಂದು ಉಸಿರು ನಿಲ್ಲಬೇಕಿತ್ತು" ಎಂದಳು ಎನಿಡ್. "ಓಡಿಬಿಟ್ಟಳು."

"ಥೂ, ನಾಚಿಕೆಗೆಟ್ಟವಳೇ!" ಹಿಂದಿನಿಂದ ಯಾರೋ ಕೂಗಿದರು. ಅವಳ ಪರವಾಗಿ ಹನ್ನೊಂದು ಕೈ ಎದ್ದವು; ಅದರಲ್ಲೊಂದು ಗಸ್‌ನದು. ವಿರುದ್ಧ ಎದ್ದ ಕೈಗಳನ್ನು ಯಾರೂ ಎಣಿಸುವ ಗೋಜಿಗೆ ಹೋಗಲಿಲ್ಲ.

ತಿಂಗಳ ಕೊನೆಗೆ ಗಸ್ ಅವಳ ಪೆಟ್ಟಿಗೆಗಳನ್ನು ಲಾರಿಗೆ ಹೇರಿದ. ರಟ್ಲೆಂಡ್ ಪಟ್ಟಣದಲ್ಲಿ, ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲೆ ಬಾಡಿಗೆಗೆ ಕೋಣೆ ಸಿಕ್ಕಿತ್ತು. ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಲೈಬ್ರರಿಯವರು ಕಳಿಸಿದ್ದು ಬೇರೆ ಯಾರನ್ನೂ ಅಲ್ಲ, ಮಾರ್ಲಾಳನ್ನೇ.

ಇಬ್ಬರೂ ಹೊಸ್ತಿಲಲ್ಲಿ ಎದುರುಬದುರಾದರು.

"ಇನ್ನೂ ಮೂರು ಬರೆದಿದೀನಿ" ಎಂದಳು ಮಾರ್ಲಾ. "ನಿಂಗೆ ಮಾತ್ರ ತೋರಿಸಲ್ಲ."

"ತೋರಿಸ್ಬೇಡ. ಶಾಂತಿ ಗೀಂತಿ ಅಂತ ಮಾತ್ರ ತುರುಕಬೇಡ."

"ಹೋಗೇ, ಹೊರಡು."

ಎನಿಡ್ ಕೈಗವಸು ಎಳೆದುಕೊಂಡು ಮೆಟ್ಟಿಲಿಳಿದಳು. ಅವಳು ಲಾರಿ ಹತ್ತುವ ಮೊದಲೇ ಬೆನ್ನ ಹಿಂದೆ ಕಿಟಕಿಗಳು ಒಂದೊಂದಾಗಿ ದಡದಡ ತೆರೆದುಕೊಂಡವು. ಹೊರಗೆ ಮೊಣಕಾಲುದ್ದ ಹಿಮ. ಮಾರ್ಲಾ ಆ ಚಳಿಯಲ್ಲೇ ಮನೆಗೆ ಗಾಳಿಯಾಡಿಸುತ್ತಿದ್ದಳು.