ಉಗುರು ಯಾರು ಕತ್ತರಿಸ್ತಾರೆ?

“ನಿನ್ನನ್ನ ಮಗು ಜೊತೆ ಒಬ್ಬಳನ್ನೇ ಬಿಡಲ್ಲ. ನಾನಿರೋವರೆಗೂ ಬಿಡಲ್ಲ.”

ಇಪ್ಪತ್ತಾರು ವರ್ಷಗಳ ಹಿಂದೆ, ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕೂತಿದ್ದ ಬಾಣಂತಿ ತಂಗಿಯ ತಲೆ ಮುಟ್ಟಿ ಅಕ್ಕ ಕೊಟ್ಟ ಮಾತು ಇದು. ಮಗುವಿಗೆ ಆಗ ಹದಿನೆಂಟು ದಿನ. ಮನೆಯಲ್ಲಿದ್ದ ಚಾಕು, ಕತ್ತರಿಗಳನ್ನೆಲ್ಲ ತಂಗಿ ಹಳೇ ಟವೆಲಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದಳು. “ಕತ್ತರಿ ಕಂಡ್ರೆ ನನ್ನ ಕೈ ಏನು ಮಾಡ್ಬಿಡುತ್ತೋ ಅನ್ಸುತ್ತೆ ಅಕ್ಕ. ಚಿತ್ರ ಬರುತ್ತೆ ಕಣ್ಮುಂದೆ,” ಎಂದಿದ್ದಳು.

ಈ ಬುಧವಾರ ಬೆಳಗಿನ ಆರೂಕಾಲಿಗೆ ಅದೇ ತಂಗಿಯ ಫೋನ್ ಬಂದಿದೆ. ಆಗಿನ ಆ ಮಗುವೇ ಈಗ ಹೆತ್ತು ಐದು ವಾರ. ಭಾನುವಾರ ಮಗಳು, ಅಳಿಯ ಇಬ್ಬರೂ ಬಾಡಿಗೆ ಮನೆ ನೋಡಿ ಬರಲು ಒಂದು ತಾಸು ಹೊರಗೆ ಹೋಗುತ್ತಾರೆ.

“ಕೂಸು ನನ್ನ ಹತ್ರ ಇರುತ್ತೆ ಅಕ್ಕ. ನಾನೊಬ್ಬಳೇ. ನೀನು ಬರ್ತೀಯಲ್ಲ? ಮಾತು ಕೊಟ್ಟಿದ್ದೀಯ.”

“ನೋಡ್ತೀನಿ,” ಎಂದು ಫೋನ್ ಚೀಲಕ್ಕೆ ಹಾಕಿಕೊಂಡ ಅಕ್ಕ, ಹೆರಿಗೆ ಆಸ್ಪತ್ರೆಯ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ವಾಚ್‌ಮನ್‌ನಿಂದ ದೊಡ್ಡ ಡಾಕ್ಟರ್‌ವರೆಗೆ ಎಲ್ಲರಿಗೂ ಅವರು ‘ಉಗುರಕ್ಕ’.

ಏಳು ಗಂಟೆಗೆಲ್ಲ ಲಸಿಕೆಯ ಸಾಲು ಮೆಟ್ಟಿಲಿಳಿದು ನಲ್ಲಿಯವರೆಗೆ ಬೆಳೆದಿದೆ. ಕೈಯಲ್ಲಿ ಟೋಕನ್, ಹೆಗಲ ಮೇಲೆ ಮಗು, ಕಣ್ಣಲ್ಲಿ ಹರಿಯದ ನಿದ್ದೆ. ಬಂದುಹೋಗುವವರೆಲ್ಲ ಕೂಸಿನ ಮುಖ ನೋಡಿ ಮುದ್ದು ಮಾಡಿದರೆ, ಉಗುರಕ್ಕನ ಕಣ್ಣು ಹೋಗುವುದು ಕೈಗೆ. ಇಷ್ಟು ಸೆಕೆಯಲ್ಲೂ ಕೈಗವಸು ಹಾಕಿದ್ದಾರಾ? ಕೆನ್ನೆಯ ಮೇಲೆ ಗೀರುಗಳಿವೆಯಾ? ಇದ್ದರೆ ಪಕ್ಕದಲ್ಲಿ ಹೋಗಿ ನಿಂತು, ಬಸ್ಸಿನ ಹೊತ್ತು ವಿಚಾರಿಸುವಷ್ಟೇ ಸಲೀಸಾಗಿ ಕೇಳುತ್ತಾರೆ: “ಮನೇಲಿ ಇವನ ಉಗುರು ಯಾರಮ್ಮ ಕತ್ತರಿಸ್ತಾರೆ?”

ಹೆಚ್ಚಿನವರು ನಗುತ್ತಾರೆ. “ಅವರಪ್ಪ ಅಕ್ಕ, ಅದೊಂದಾದ್ರೂ ಮಾಡ್ಲಿ ಬಿಡಿ!” ಕೆಲವರು ನಗುವುದಿಲ್ಲ. ನೆಲ ನೋಡುತ್ತಾರೆ.

“‘ಮಗೂಗೆ ಏನಾದ್ರೂ ಮಾಡ್ಬಿಡ್ತೀನಿ ಅಂತ ಯೋಚನೆ ಬರ್ತಿದ್ಯಾ’ ಅಂತ ನೇರ ಕೇಳಿದ್ರೆ ಯಾವ ತಾಯಿ ಹೂಂ ಅಂತಾಳೆ ಹೇಳಿ? ಮಗೂನ ಕಿತ್ಕೊಂಡು ಹೋಗ್ತಾರೆ ಅನ್ನೋ ದಿಗಿಲು ಅವಳಿಗೆ. ಉಗುರಿನ ವಿಷಯಕ್ಕಾದ್ರೆ ಸುಳ್ಳು ತಯಾರು ಮಾಡ್ಕೊಂಡು ಬಂದಿರಲ್ಲ,” ಎನ್ನುತ್ತಾರೆ ಉಗುರಕ್ಕ.

ಲಸಿಕೆಯ ದಿನ ಐವತ್ತು ತಾಯಂದಿರು ಬಂದರೆ ಈ ಪ್ರಶ್ನೆ ಹತ್ತು ಹನ್ನೆರಡು ಜನಕ್ಕೆ. ನೆಲ ನೋಡುವವರು ಇಬ್ಬರೋ ಮೂವರೋ. ಹೇಳಿದ ದಿನ ಮತ್ತೆ ಬರುವವರು ಒಬ್ಬರು ಸಿಕ್ಕರೆ ಹೆಚ್ಚು. ಬಸುರಿಯರ ಸಾಲಿನಲ್ಲಿ ಕೇಳುವ ಪ್ರಶ್ನೆ ಬೇರೆ: ಗ್ಯಾಸ್ ಆರಿಸಿದ್ದನ್ನು ಎಷ್ಟು ಸಲ ಎದ್ದು ನೋಡ್ತೀರಿ? ಮಹಡಿ ಮೇಲೆ ಬಟ್ಟೆ ಹರವೋದನ್ನ ಯಾವಾಗ ಬಿಟ್ರಿ?

ಅವರ ಕೋಣೆಯ ಬಾಗಿಲ ಮೇಲೆ ಈಗಲೂ ‘ಬೆಡ್‌ಶೀಟ್ ದಾಸ್ತಾನು’ ಎಂದೇ ಬರೆದಿದೆ. ಒಳಗೆ ಅರ್ಧ ಜಾಗ ಮಡಚಿಟ್ಟ ಹಾಸುಬಟ್ಟೆಗಳದ್ದು. ಉಳಿದರ್ಧದಲ್ಲಿ ಒಂದು ಮೇಜು, ಎರಡು ಕುರ್ಚಿ. ಬಾಗಿಲ ಹತ್ತಿರದ ಕುರ್ಚಿ ಬಂದವರಿಗೆ, ಓಡಿಹೋಗಬೇಕು ಅನ್ನಿಸಿದರೆ ಅನುಕೂಲ ಇರಲಿ ಎಂದು. ಮೇಜಿನ ಖಾನೆಯಲ್ಲಿ ದುಂಡುಮೂತಿಯ ಪುಟ್ಟ ಕತ್ತರಿ.

ಇವತ್ತು ಆ ಕುರ್ಚಿಯಲ್ಲಿ ಕೂತಿರುವುದು ಇಪ್ಪತ್ತಮೂರನೇ ಟೋಕನ್ನಿನ ತಾಯಿ. ಮಗುವಿಗೆ ಏಳು ವಾರ. ಇದು ಅವಳ ಐದನೇ ಭೇಟಿ. ಮೊದಲ ಸಲ ಕತ್ತರಿ ಖಾನೆಯೊಳಗೇ ಇತ್ತು. ಎರಡನೇ ಸಲ ಮೇಜಿನ ಮೇಲೆ. ಆಮೇಲೆ ಅವಳ ಕೈಯಲ್ಲಿ, ಮಗು ಅಜ್ಜಿಯ ಹತ್ತಿರ. ಕಳೆದ ವಾರ ಕೈಯಲ್ಲಿ ಕತ್ತರಿ, ಮಡಿಲಲ್ಲಿ ಮಗು, ಎದುರಿಗೆ ಉಗುರಕ್ಕ. ಇವತ್ತು ಎದುರಿಗೆ ಯಾರೂ ಇರುವುದಿಲ್ಲ.

“ಏನೂ ಆಗಲ್ಲ ಅಂತ ಒಂದ್ಸಲ ಹೇಳಿ ಅಕ್ಕ. ಒಂದೇ ಸಲ.”

“ಆ ಮಾತು ಈ ಕೋಣೇಲಿಲ್ಲ. ನಿನ್ನ ಗಂಡ ದಿನಕ್ಕೆ ನಲವತ್ತು ಸಲ ಹೇಳ್ತಾನಲ್ಲ, ಸಾಕಾಯ್ತಾ?”

“ಇಲ್ಲ.”

“ನಾನು ಹೇಳಿದ್ರೆ ನಲವತ್ತೊಂದಾಗುತ್ತೆ ಅಷ್ಟೆ.”

ಬಾಗಿಲೆಳೆದುಕೊಂಡು ಉಗುರಕ್ಕ ಹೊರಗೆ ಬರುತ್ತಾರೆ. ಬೆಂಚಿನ ಮೇಲಿದ್ದ ಅವಳ ಅತ್ತೆ ತಟ್ಟನೆ ಎದ್ದು ನಿಲ್ಲುತ್ತಾರೆ. “ಹಾಲಿನ ಪ್ಯಾಕೆಟ್ ಕತ್ತರಿಸೋಕೂ ಹೆದರೋಳ ಕೈಗೆ ಕತ್ತರಿ ಕೊಟ್ಟು ಬಂದ್ರಲ್ಲ ತಾಯಿ! ನಿಮಗೇನು, ಹೋದ್ರೆ ನಮ್ಮನೆ ಕೂಸು.”

“ಕೂತ್ಕೊಳಿ ಅಮ್ಮ. ಐದು ನಿಮಿಷ.”

ಎರಡನೇ ನಿಮಿಷಕ್ಕೆ ಮಗು ಕಿಟಾರನೆ ಕಿರುಚುತ್ತದೆ. ಅತ್ತೆ ಬಾಗಿಲಿಗೆ ನುಗ್ಗುತ್ತಾರೆ. ಉಗುರಕ್ಕ ಚಿಲಕಕ್ಕೆ ಕೈ ಅಡ್ಡ ಇಡುತ್ತಾರೆ. ಇನ್ನೊಂದು ಕೈ ಸೀರೆಯ ನೆರಿಗೆಯನ್ನು ಬಿಗಿಯಾಗಿ ಹಿಡಿದಿದೆ. ಆಪ್ತಸಮಾಲೋಚಕಿಯಾಗಿ ಹದಿನಾಲ್ಕು ವರ್ಷವಾದರೂ ಈ ಹೊತ್ತಿನ ದಿಗಿಲು ಹೋಗಿಲ್ಲ. ಒಳಗಿನ ಅಳು ಏರುತ್ತದೆ, ಬಿಕ್ಕಳಿಕೆಯಾಗುತ್ತದೆ, ನಿಲ್ಲುತ್ತದೆ. ನಿಂತ ಮೇಲೆ ಇನ್ನೂ ಭಯ.

ಬಾಗಿಲು ತೆರೆದು ಸೊಸೆ ನಿಂತಿದ್ದಾಳೆ, ಮೈಯೆಲ್ಲ ಬೆವರು. “ನಾಲ್ಕು ಬೆರಳಾಯ್ತು. ಹೆಬ್ಬೆರಳಿಗೆ ಒದ್ದಾಡ್ದ, ಬಿಟ್ಟೆ.”

“ಯೋಚನೆ ಬಂತಾ?”

“ಬಂತು. ಬಂದು ಪಕ್ಕದಲ್ಲೇ ಕೂತಿತ್ತು. ಕೂತಿರ್ಲಿ ಅಂತ ಕತ್ತರಿಸ್ದೆ.”

ಅತ್ತೆ ಮೊಮ್ಮಗನ ಕೈ ತಿರುಗಿಸಿ ತಿರುಗಿಸಿ ನೋಡುತ್ತಾರೆ. “ಸೊಟ್ಟಪಟ್ಟ ಕತ್ತರಿಸಿದ್ದಾಳೆ,” ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಎಲ್ಲರಿಗೂ ಕತ್ತರಿ ಕೊಡುವುದಿಲ್ಲ. ಕೊಡುವ ಮುಂಚೆ ಮನಸ್ಸಿನ ಡಾಕ್ಟರ್ ನೋಡಿರಬೇಕು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. “ಯೋಚನೆ ಬಂದಾಗ ನಡುಗ್ತೀಯಾ, ಇಲ್ಲ ಅದೇ ಸರಿ ಅನ್ಸುತ್ತಾ ಅಂತ ಕೇಳ್ತೀನಿ. ನಡುಗೋಳು ಮಗೂನ ಕಾಯ್ತಿರೋಳು. ಅವಳಿಗೆ ಬೇಡದ್ದೇ ಅವಳ ತಲೇಲಿ ಸುತ್ತುತ್ತೆ. ‘ಯಾರೋ ಮಾಡು ಅಂತಿದ್ದಾರೆ, ಮಾಡೋದೇ ಸರಿ’ ಅಂದ್ರೆ ಆಗ ಕುರ್ಚಿನೂ ಇಲ್ಲ, ಕತ್ತರಿನೂ ಇಲ್ಲ. ಕೈ ಹಿಡ್ಕೊಂಡು ಮಹಡಿ ಮೇಲೆ ಡಾಕ್ಟರ್ ಹತ್ರ, ಅದೇ ನಿಮಿಷ.” ಹಾಗೆ ಕೈ ಹಿಡಿದು ಮೆಟ್ಟಿಲು ಹತ್ತಿಸಿದ್ದು ಇದುವರೆಗೆ ಮೂವರನ್ನು.

ತಂಗಿಗೆ ಮಾತು ಕೊಟ್ಟಾಗ ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಇದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಗಂಟುಮೂಟೆ ಕಟ್ಟಿ ತಂಗಿಯ ಮನೆ ಸೇರಿದರು. ತಂಗಿಯ ಗಂಡ ಮನೆಯಲ್ಲಿದ್ದ ಹೊತ್ತಿಗೆ ಮಾತ್ರ ಡ್ಯೂಟಿ. ಮಗುವಿನ ಸ್ನಾನ, ತುತ್ತು, ಉಗುರು ಎಲ್ಲ ದೊಡ್ಡಮ್ಮನ ಕೈಯಿಂದಲೇ. ಮೂರು ವರ್ಷ ಆ ಹುಡುಗಿ ದೊಡ್ಡಮ್ಮನನ್ನೇ ಅಮ್ಮ ಎಂದಳು. ತಂಗಿ ತಿದ್ದಲಿಲ್ಲ.

ನಲವತ್ತರ ಹತ್ತಿರ ಆಪ್ತಸಮಾಲೋಚನೆಯ ತರಬೇತಿಗೆ ಹೋದಾಗ, ಪಾಠ ಹೇಳುವ ಮೇಡಂ ಬೋರ್ಡಿನ ಮೇಲೆ ಏನೋ ಬರೆಯುತ್ತಾ, ‘ಕಾವಲು ಕೂತವರು ದಿನಾ ಆಕೆಗೆ ಹೇಳುವುದು ಒಂದೇ, ನೀನು ಅಪಾಯ ಅಂತ’ ಎಂದುಬಿಟ್ಟರು. “ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ ನಾನು,” ಎನ್ನುತ್ತಾರೆ ಉಗುರಕ್ಕ. ತಂಗಿಯನ್ನು ಈ ಕೋಣೆಗೆ ಎಷ್ಟೋ ಸಲ ಕರೆದರು. “ನಂಗೆ ನೀನಿದ್ದೀಯಲ್ಲ” ಎಂದು ಅವಳು ಬರಲೇ ಇಲ್ಲ. ಬೇರೆಯವರಿಗೆ ಹೇಳಿಕೊಡುವುದನ್ನು ಒಡಹುಟ್ಟಿದವಳಿಗೆ ಮಾಡಿಸಲಾಗದ ಸಂಕಟ ಅವರನ್ನು ಇವತ್ತಿಗೂ ತಿನ್ನುತ್ತದೆ.

ಮಧ್ಯಾಹ್ನ ಅವರೇ ತಂಗಿಗೆ ಫೋನ್ ಮಾಡುತ್ತಾರೆ.

“ನಾಳೆ ಬರ್ತೀನಿ, ವರಾಂಡದಲ್ಲಿ ಕೂರ್ತೀನಿ. ನೀನು ಒಳಗೆ ಕೂಸಿನ ಜೊತೆ. ಶುಕ್ರವಾರ ಗೇಟಿನ ಹತ್ರ. ಶನಿವಾರ ರಸ್ತೆಯಾಚೆ. ಭಾನುವಾರ ಬರಲ್ಲ.”

“ನನ್ನಿಂದ ಏನಾದ್ರೂ ಆಗ್ಬಿಟ್ರೆ? ಮಾತು ಕೊಟ್ಟಿದ್ದೆ ಅಕ್ಕ ನೀನು.”

“ಕೊಟ್ಟಿದ್ದೆ.”

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಸುಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. ಆಸ್ಪತ್ರೆಯವರಿಂದ ಏನಾದರೂ ಬೇಕಾ ಎಂದು ಕೇಳಿದರೆ ಹೇಳುತ್ತಾರೆ: “ಇನ್ನೊಂದು ಕುರ್ಚಿ ಕೊಟ್ರೆ ಅತ್ತೆಯಂದಿರನ್ನೂ ಒಳಗೆ ಕೂರಿಸ್ಬಹುದು. ಬಾಗಿಲಿನ ಬೋರ್ಡ್ ಮಾತ್ರ ಬದಲಾಯಿಸಬೇಡಿ ಅನ್ನಿ. ಬೆಡ್‌ಶೀಟ್ ಕೋಣೆಗೆ ಹೋದೋಳನ್ನ ಯಾಕೆ ಹೋಗಿದ್ದೆ ಅಂತ ಯಾರೂ ಕೇಳಲ್ಲ.”

ಗುರುವಾರ ಅವರು ವರಾಂಡದಲ್ಲಿ ಕೂತರು. ಶುಕ್ರವಾರ ಗೇಟಿನ ಬಳಿ. ಶನಿವಾರ ರಸ್ತೆಯಾಚೆ, ಔಷಧಿ ಅಂಗಡಿಯ ಕಟ್ಟೆಯ ಮೇಲೆ. ತಂಗಿ ಆರು ಸಲ ಕಿಟಕಿಗೆ ಬಂದು ನೋಡಿದಳು.

ಭಾನುವಾರ ಹತ್ತೂವರೆಗೆ ಮಗಳು, ಅಳಿಯ ಮನೆ ಬಿಟ್ಟರು. ಉಗುರಕ್ಕ ತಮ್ಮ ಮನೆಯಲ್ಲಿ ಎರಡು ಸಲ ಚಪ್ಪಲಿ ಮೆಟ್ಟಿ, ಎರಡು ಸಲ ಬಿಟ್ಟರು. ಹನ್ನೊಂದೂಕಾಲಿಗೆ ಫೋನ್ ಬಂತು.

“ಎದ್ದಿದೆ ಅಕ್ಕ. ಮುಖವೆಲ್ಲ ಪರಚ್ಕೋತಿತ್ತು, ಒಂದು ಕೈದು ಉಗುರು ಕತ್ತರಿಸ್ದೆ. ಇನ್ನೊಂದು ಕೈದು ಆಗ್ಲಿಲ್ಲ, ನನ್ನ ಕೈ ತುಂಬಾ ನಡುಗ್ತಿತ್ತು. ಅಳ್ತಿದೆ, ಇಡ್ತೀನಿ.”

ತಂಗಿಯ ತಲೆ ಮುಟ್ಟಿ ಕೊಟ್ಟ ಮಾತನ್ನು ಉಗುರಕ್ಕ ಇಪ್ಪತ್ತಾರು ವರ್ಷ ನಡೆಸಿದರು. ಭಾನುವಾರ ಮುರಿದರು.