ಪರದೇಶದವರಿಗಾಗಿ ಮುರಿದ ಮಾತು

ಹೆಣದ ಮುಂದೆ ಇನ್ನು ಹಲಗೆ ಬಡಿಯುವುದಿಲ್ಲ ಎಂದು ಕಾನಹೊಸಹಳ್ಳಿ ಸೀಮೆಯ ಒಂದು ಊರಿನ ಕೇರಿಯವರು ತಮ್ಮೊಳಗೆ ಮಾತು ಕೊಟ್ಟುಕೊಂಡಾಗ, ಎಲ್ಲರಿಗಿಂತ ಮೊದಲು ಹಲಗೆ ಕೆಳಗಿಟ್ಟವನು ದುರುಗಪ್ಪ. ಸಾವಿನ ಮನೆಯಲ್ಲಿ ದೂರದಿಂದ ಎತ್ತಿ ಹಾಕುವ ಅನ್ನ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಿಟ್ಟಿಗೆದ್ದ ಗೌಡರು ಕೇರಿಯವರನ್ನು ಕೂಲಿಗೆ ಕರೆಯುವುದನ್ನೇ ಬಿಟ್ಟರು. ಒಂದು ಬೇಸಿಗೆ ಇಡೀ ಕೇರಿ ಕೂಡ್ಲಿಗಿ ಕಡೆ ಕಲ್ಲು ಒಡೆದು ಬದುಕಿತೇ ಹೊರತು ಯಾರೂ ಬಗ್ಗಲಿಲ್ಲ. ಕೊನೆಗೆ ಊರವರೇ ಸೋತು ಕೇರಿಯವರನ್ನು ಮತ್ತೆ ಕೂಲಿಗೆ ಕರೆದರು, ಸಾವಿಗೆ ಹರಪನಹಳ್ಳಿಯಿಂದ ಬ್ಯಾಂಡಿನವರನ್ನು ಕರೆಸತೊಡಗಿದರು.

ಆದರೆ ದುರುಗಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಉಣ್ಣಲು ಕುಳಿತರೆ ಬೆರಳು ತಟ್ಟೆಯ ಅಂಚನ್ನು ಬಡಿಯುತ್ತಿತ್ತು. ಹೆಂಡತಿ ದುರುಗಮ್ಮ ಕಂಡೂ ಕಾಣದಂತಿರುತ್ತಿದ್ದಳು.

ತೊಂಬತ್ತೇಳರ ಕೊನೆಗೆ, ಕೊಟ್ಟೂರಿನಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದ ಶಿವಶಂಕರ ದುರುಗಪ್ಪನ ಮನೆಗೆ ಬಂದ. ಎರಡು ದೇಶದ ಜನ ಒಬ್ಬರನ್ನೊಬ್ಬರು ಅರಿಯಲಿ ಅಂತ ಹೊರದೇಶದ ಸರ್ಕಾರವೊಂದು ತನ್ನ ರಾಯಭಾರ ಕಚೇರಿಯ ಮೂಲಕ ಸಣ್ಣ ಅನುದಾನ ಕೊಡುತ್ತದಂತೆ. ಅದು ತನ್ನ ಸಂಸ್ಥೆಗೆ ಸಿಕ್ಕಿದೆ ಎಂದ.

"ಅಲ್ಲಿ ವಾದ್ಯ ಬಾರಿಸೋರು ಬಂದು ನಿನ್ ಹತ್ರ ಕಲೀತಾರ. ನಿಮ್ ಕೇರ್ಯಾಗ ಇರ್ತಾರ, ನಿಮ್ ಮನ್ಯಾಗ ಉಣ್ತಾರ. ಆಮ್ಯಾಲ ನೀನೂ ಅವರ ದೇಶಕ್ಕ ಹೋಗಿ ಬಡೀಬೇಕು."

"ನಾವು ಬಡಿಯೋದು ಬಿಟ್ಟೀವ್ರಿ."

"ಹೆಣದ ಮುಂದ ಅಲ್ಲಪ್ಪ, ವೇದಿಕಿ ಮ್ಯಾಲ. ನಿಮ್ಮೂರ ಗೌಡ್ರು ಕೆಳಗ ಕುಂತು ನೋಡ್ತಾರ."

ಆ ಮಾತು ದುರುಗಪ್ಪನ ಎದೆಯೊಳಗೆ ಕೂತುಬಿಟ್ಟಿತು. ಅಣ್ಣ ಪಕ್ಕೀರಪ್ಪನನ್ನು ಕೇಳಿದ.

"ವೇದಿಕಿ ಯಾವ್ದು, ಚಟ್ಟ ಯಾವ್ದು ಅಂತ ಗೌಡ್ರು ನೋಡಂಗಿಲ್ಲ" ಎಂದ ಪಕ್ಕೀರಪ್ಪ. "ನಿನ್ ಕೈಯಾಗ ಹಲಗಿ ಐತೋ ಇಲ್ಲೋ, ಅಷ್ಟ ನೋಡ್ತಾರ."

"ಪರದೇಶದೋರು ನಮ್ ಮನ್ಯಾಗ ಉಂಡ್ರ, ಇವ್ರೂ ನಮ್ಮನ್ನ ಮನುಷ್ಯಾರು ಅನಬೇಕಾಗ್ತೈತಿ, ಅಣ್ಣ."

ಪಕ್ಕೀರಪ್ಪ ಎದ್ದು ಒಳಗೆ ಹೋದ. ಅವತ್ತಿನಿಂದ ಕೇರಿಯಲ್ಲಿ ದುರುಗಪ್ಪನ ಜೊತೆ ಮಾತು ಕಡಿಮೆಯಾಯಿತು.

ಸಂಜೆ ಹೊತ್ತು ಶಾಲೆಯ ಬಯಲಿನಲ್ಲಿ ಅವನು ಹಲಗೆಯನ್ನು ಬೆಂಕಿಗೆ ಕಾಯಿಸಿ ಬಾರಿಸತೊಡಗಿದ. ಮರೆತೆನೆಂದುಕೊಂಡ ಬಡಿತದ ಗತ್ತುಗಳೆಲ್ಲ ಒಂದೊಂದಾಗಿ ಕೈಗೆ ಬಂದವು. ಬರುವವರಿಗೆಂದು ದುರುಗಮ್ಮ ಗೋಡೆಗೆ ಸುಣ್ಣ ಬಳಿದಳು. ಸಂಸ್ಥೆಯವರು ಹಿತ್ತಲಲ್ಲಿ ಪಾಯಖಾನೆಯ ಗೋಡೆ ಎಬ್ಬಿಸಿದರು.

ಮೇ ತಿಂಗಳಲ್ಲಿ ದೇಶ ಅಣುಬಾಂಬಿನ ಪರೀಕ್ಷೆ ಮಾಡಿತು. ಕಾನಹೊಸಹಳ್ಳಿ ಬಸ್ ನಿಲ್ದಾಣದಲ್ಲಿ ಪೇಡೆ ಹಂಚಿದರು. ದುರುಗಪ್ಪನೂ ಒಂದು ತಿಂದ. ಕೆಲವು ವಾರ ಕಳೆದು ಬಂದ ಶಿವಶಂಕರ ಕೂರಲಿಲ್ಲ.

"ಬಾಂಬ್ ಹಾರಿಸಿದ್ದಕ್ಕ ಆ ಸರ್ಕಾರಕ್ಕ ಸಿಟ್ಟು ಬಂದೈತಿ. ಅನುದಾನ ನಿಲ್ಲಿಸ್ಯಾರ. ಯಾರೂ ಬರಂಗಿಲ್ಲ."

"ಅವರ ಸಿಟ್ಟು ದಿಲ್ಲಿ ಮ್ಯಾಲ ಅಲ್ಲೇನ್ರಿ? ನಾವೇನು ಮಾಡೀವಿ?"

ಶಿವಶಂಕರ ಕೊಟ್ಟೂರಿನ ಬಸ್ಸಿಗೆ ಹೊರಟ. ಪಾಯಖಾನೆಗೆ ಚಾವಣಿ ಏರಲೇ ಇಲ್ಲ.

ಆ ಮಳೆಗಾಲದಲ್ಲಿ ಗೌಡರ ತಾಯಿ ತೀರಿಕೊಂಡರು. ಗೌಡರ ಕಡೆಯವರು ನೇರ ದುರುಗಪ್ಪನ ಬಾಗಿಲಿಗೆ ಬಂದರು.

"ಪರದೇಶದೋರಿಗೆ ಬಡಿಯಾಕ ಕೈ ಬರ್ತೈತಿ. ನಮ್ಮ ಗೌಡ್ತಿಗೆ ಬರಂಗಿಲ್ಲೇನು?"

ಹಿಂದಿನ ವರ್ಷವಾಗಿದ್ದರೆ ಇಡೀ ಕೇರಿ ಅವನ ಬೆನ್ನಿಗೆ ಬಂದು ನಿಲ್ಲುತ್ತಿತ್ತು. ತಿರುಗಿ ನೋಡಿದ. ಪಕ್ಕೀರಪ್ಪ ತನ್ನ ಕಟ್ಟೆಯ ಮೇಲೆ ಕುಳಿತಿದ್ದ, ಏಳಲಿಲ್ಲ. ದುರುಗಪ್ಪ ಹಲಗೆ ತಗಲಿಸಿಕೊಂಡು ಅವರ ಹಿಂದೆ ನಡೆದ.

ಮುಂದಿನ ಸಾವಿಗೆ ಗೌಡರ ಕಡೆಯವರು ಪಕ್ಕೀರಪ್ಪನನ್ನೇ ಕರೆದರು. "ನಿನ್ ತಮ್ಮ ಬಂದಿದ್ನಲ್ಲ, ನಿಂದೇನು?" ಅವನು ಒಲ್ಲೆನೆಂದ. ಮತ್ತೆ ಕೂಲಿ ನಿಂತಿತು. ಈ ಸಲ ಕಲ್ಲು ಒಡೆಯಲು ಒಟ್ಟಾಗಿ ಹೋಗುವ ಒಗ್ಗಟ್ಟು ಕೇರಿಯಲ್ಲಿ ಉಳಿದಿರಲಿಲ್ಲ. ಜೋಳದ ಸುಗ್ಗಿಯ ಹೊತ್ತಿಗೆ ಒಬ್ಬೊಬ್ಬರೇ ಸಾವಿಗೆ ಹಲಗೆ ಬಡಿಯಲು ಹೋದರು. ಎಲ್ಲರಿಗಿಂತ ಕೊನೆಗೆ ಪಕ್ಕೀರಪ್ಪನೂ ಹೋದ.

ಅಣ್ಣ ಹೆಣದ ಮುಂದೆ ನಡೆದದ್ದನ್ನು ಕಂಡ ದಿನವೇ ದುರುಗಪ್ಪ ಹೆಂಡತಿಯನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿ ಹಮಾಲಿ ಕೆಲಸಕ್ಕೆ ಸೇರಿದ.

ಕೆಲವು ವರ್ಷದ ಮೇಲೆ ಶಿವಶಂಕರ ಅವನನ್ನು ಅಲ್ಲಿಯೇ ಹುಡುಕಿಕೊಂಡು ಬಂದ. ಎರಡು ಸರ್ಕಾರಗಳು ರಾಜಿಯಾಗಿದ್ದವು, ಅನುದಾನ ಮತ್ತೆ ಶುರುವಾಗಿತ್ತು.

ದುರುಗಪ್ಪ ಬೆನ್ನ ಮೇಲಿನ ಚೀಲ ಇಳಿಸಲಿಲ್ಲ. "ಊರಾಗ ಕೇಳ್ರಿ" ಎಂದ. "ಈಗ ಎಲ್ರೂ ಬಡೀತಾರ."

ಶಿವಶಂಕರ ಊರಿಗೇ ಹೋದ. ಆ ವರ್ಷ ಪರದೇಶದವರೂ ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ದುರುಗಪ್ಪ ಮಾತ್ರ ಊರಿನ ಬಸ್ಸು ಹತ್ತಲಿಲ್ಲ.